ಬೇಸ್‌ಎಕ್ಸ್‌ನಲ್ಲಿ ‘ಕೆರೆ’ ಹುಡುಕಿದರೆ 9 ಉತ್ತರ, ಕಣ್ಣಲ್ಲಿ ಎಣಿಸಿದರೆ 61. ಎಲ್ಲಿ ಎಡವಿದ್ದೇನೆ?

ಕೆರೆಏರಿ · ಶನಿವಾರ ರಾತ್ರಿ 10:20

ನಮಸ್ಕಾರ. ತಲೆ ಕೆಟ್ಟು ಇಲ್ಲಿಗೆ ಬಂದಿದ್ದೇನೆ.

ನಾನು ಮತ್ತು ಇಬ್ಬರು ಗೆಳೆಯರು ಭಾನುವಾರ ಬಂತೆಂದರೆ ಬೆಂಗಳೂರು ಸುತ್ತಮುತ್ತ ಕೆರೆ ಏರಿ, ಹಳೇ ದೇವಸ್ಥಾನ ಅಂತ ತಿರುಗಿ ಶಾಸನಗಳ ಫೋಟೋ ತೆಗೆಯುತ್ತೇವೆ. ನಾವು ಓದಿದ ಪಾಠ, ಜೊತೆಗೆ ಎಪಿಗ್ರಾಫಿಯಾ ಕರ್ನಾಟಿಕಾ 9ನೇ ಸಂಪುಟದ ಪಾಠ (ಅದೇ, ರೈಸ್ ಅವರ 1905ರ ಬೆಂಗಳೂರು ಜಿಲ್ಲೆ ಸಂಪುಟ), ಎರಡನ್ನೂ ಎಕ್ಸ್‌ಎಂಎಲ್ ಮಾಡಿ ಬೇಸ್‌ಎಕ್ಸ್‌ಗೆ ತುಂಬಿದ್ದೇನೆ (ಎಕ್ಸ್‌ಎಂಎಲ್ ಎಂದರೆ ಪಾಠದ ಭಾಗಗಳಿಗೆ ‘ಟ್ಯಾಗ್’ ಎಂಬ ಗುರುತು ಹಾಕಿದ ಫೈಲ್; ಬೇಸ್‌ಎಕ್ಸ್ ಅಂಥ ಫೈಲ್‌ಗಳ ಡೇಟಾಬೇಸ್). ಬೇರೆ ಸಂಪುಟದ್ದೂ ಸ್ವಲ್ಪ ಇದೆ. ಒಟ್ಟು 1,840 ಫೈಲ್. ಟ್ಯಾಗ್ ಎಲ್ಲ ಕನ್ನಡದಲ್ಲೇ: ಶಾಸನ, ಪಾಠ, ಸಾಲು, ಸ್ಥಳ.

ತೊಂದರೆ ಎರಡು.

ಒಂದು: ಒಂದು ತಾಲ್ಲೂಕಿನ ಶಾಸನಗಳನ್ನು ಮಾತ್ರ ಇಟ್ಟುಕೊಂಡು ‘ಕೆರೆ’ ಪದ ಹುಡುಕಿದೆ.

//ಪಾಠ/ಟೆಕ್ಸ್ಟ್()[ಕಂಟೇನ್ಸ್(., "ಕೆರೆ")]

(ಅಂದರೆ: ‘ಪಾಠ’ ಟ್ಯಾಗ್ ಒಳಗಿನ ಅಕ್ಷರಗಳ ತುಂಡುಗಳಲ್ಲಿ ‘ಕೆರೆ’ ಇರುವುದನ್ನೆಲ್ಲ ಕೊಡು.) 9 ಬಂತು. ನಂಬಿಕೆ ಬರದೆ ಎರಡು ರಾತ್ರಿ ಕೂತು ಕಣ್ಣಲ್ಲೇ ಎಣಿಸಿದೆ. 61 ಇದೆ!

ಎರಡು: 900 ಹಳ್ಳಿ ಹೆಸರಿನ ಪಟ್ಟಿ ಇದೆ. ಒಂದೊಂದು ಹೆಸರೂ ಎಷ್ಟು ಕಡೆ ಬಂದಿದೆ ಎಂದು ತೋರಿಸುವ ವರದಿ. ‘ಸ್ಥಳ’ ಎಂದು ಗುರುತು ಮಾಡಿದ್ದು 22 ಸಾವಿರದ ಮೇಲಿದೆ. ಮೊದಲು ಕಣ್ಣು ಮಿಟುಕಿಸುವುದರಲ್ಲಿ ಬರುತ್ತಿತ್ತು. ಹೋದ ವಾರ 40 ಫೈಲ್ ಸೇರಿಸಿದೆ. ಆಮೇಲಿಂದ 8 ಸೆಕೆಂಡ್.

ಫೋನ್‌ನಲ್ಲಿ ಟೈಪ್ ಮಾಡುತ್ತಿದ್ದೇನೆ. ಕೀಬೋರ್ಡ್ ಬದಲಿಸೋಕೆ ಬೇಜಾರು, ಅದಕ್ಕೇ ಫಂಕ್ಷನ್ ಹೆಸರೂ ಕನ್ನಡ ಅಕ್ಷರದಲ್ಲಿದೆ. ಅರ್ಥ ಮಾಡಿಕೊಳ್ಳಿ.

---

ಎರಡನೇ_ಬ್ಲಾಕ್ · 10:31

ಫೈಲ್ ಸೇರಿಸಿದ ಮೇಲೆ ಆಪ್ಟಿಮೈಸ್ (ಇಂಡೆಕ್ಸನ್ನು ಹೊಸದು ಮಾಡುವ ಆಜ್ಞೆ) ಮಾಡಿದಿರಾ? ಇಲ್ಲ ಅಲ್ವಾ? ಇಂಡೆಕ್ಸ್, ಅಂದರೆ ಯಾವುದು ಎಲ್ಲಿದೆ ಎಂಬ ಸೂಚಿ, ಹಳೇದಾಗಿದೆ. ಅದಕ್ಕೇ ನಿಧಾನ, ಅದಕ್ಕೇ ಉತ್ತರವೂ ಕಮ್ಮಿ. ಎರಡಕ್ಕೂ ಒಂದೇ ಮದ್ದು.

---

ಶೂನ್ಯ_ಫಲಿತಾಂಶ · 10:44

ಅರ್ಧ ಸರಿ, ಅರ್ಧ ತಪ್ಪು.

ಬೇಸ್‌ಎಕ್ಸ್‌ನಲ್ಲಿ ಅಪ್‌ಡೇಟ್ ಆದ ಮೇಲೆ ಇಂಡೆಕ್ಸ್ ಹಳೇದಾದರೆ ಅದು ಇಂಡೆಕ್ಸ್ ಮುಟ್ಟುವುದನ್ನೇ ಬಿಟ್ಟು ಎಲ್ಲ ನೋಡ್‌ಗಳನ್ನೂ (ಟ್ಯಾಗ್, ಟ್ಯಾಗ್‌ಗಳ ನಡುವಿನ ಅಕ್ಷರದ ತುಂಡು, ಹೀಗೆ) ಒಂದೊಂದಾಗಿ ನೋಡುತ್ತೆ. ಉತ್ತರ ತಪ್ಪಾಗಲ್ಲ, ನಿಧಾನ ಆಗುತ್ತೆ ಅಷ್ಟೆ. ಹಾಗಾಗಿ 8 ಸೆಕೆಂಡಿಗೆ ಇದು ಕಾರಣ. 9 ಉತ್ತರಕ್ಕೆ ಅಲ್ಲ. ಅದೂ ಅಲ್ಲದೆ ಕಂಟೇನ್ಸ್ ಟೆಕ್ಸ್ಟ್ ಇಂಡೆಕ್ಸನ್ನು ಬಳಸುವುದೇ ಇಲ್ಲ. ಆ ಇಂಡೆಕ್ಸ್ ಪೂರ್ತಿ ಸಮ ಇರುವ ಪದಕ್ಕೆ ಮಾತ್ರ. ಒಳಗೆಲ್ಲೋ ಇದೆಯಾ ಎಂದು ಕೇಳಿದರೆ ಪ್ರತಿಸಲ ಪೂರ್ತಿ ಓದಲೇಬೇಕು.

ನೀವು ಹೇಳಿದ್ದು ಎಕ್ಸಿಸ್ಟ್-ಡಿಬಿ ಎಂಬ ಇನ್ನೊಂದು ಎಕ್ಸ್‌ಎಂಎಲ್ ಡೇಟಾಬೇಸಿನಲ್ಲಿ ಆಗುತ್ತೆ. ಅಲ್ಲಿ ಕಲೆಕ್ಷನ್ ಕಾನ್ಫಿಗರೇಷನ್ ಬದಲಿಸಿ ರೀಇಂಡೆಕ್ಸ್ ಮಾಡದೇ ಲೂಸೀನ್ (ಅದರೊಳಗಿನ ಪದ ಹುಡುಕುವ ಸಾಧನ) ಹುಡುಕಾಟ ಹಾಕಿದರೆ ಸೊನ್ನೆ ಬರುತ್ತೆ. ನಾನು ಒಂದು ಇಡೀ ಮಧ್ಯಾಹ್ನ ಅದಕ್ಕೆ ಸುಟ್ಟಿದ್ದೇನೆ. ಈ ಹೆಸರು ಇಟ್ಟುಕೊಂಡಿದ್ದೇ ಅವತ್ತು.

@ಕೆರೆಏರಿ, ವರದಿ ಓಡಿಸಿ ಜಿಯುಐನ (ಬೇಸ್‌ಎಕ್ಸ್‌ನ ಕಿಟಕಿ, ಗುಂಡಿ ಇರುವ ರೂಪ) ಇನ್ಫೋ ಕಿಟಕಿ ನೋಡಿ. ‘ಅಪ್ಲೈ ಟೆಕ್ಸ್ಟ್ ಇಂಡೆಕ್ಸ್’ ಎಂಬ ಸಾಲು ಇದ್ದರೆ ಇಂಡೆಕ್ಸ್ ಬಳಕೆ ಆಗುತ್ತಿದೆ. ಇಲ್ಲ ಅಂದರೆ ಇಲ್ಲ. ಇನ್ನೊಂದು, ಹೋಲಿಕೆ ಮಾಡುವಾಗ ಎಡಗಡೆ ನಾರ್ಮಲೈಸ್-ಸ್ಪೇಸ್ (ಹೆಚ್ಚುವರಿ ಸ್ಪೇಸ್ ತೆಗೆಯುವ ಫಂಕ್ಷನ್) ಗೀಸ್ ಸುತ್ತಿದ್ದೀರಾ? ಹಾಗೆ ಫಂಕ್ಷನ್ ಒಳಗೆ ಕೂರಿಸಿದ ತಕ್ಷಣ ಇಂಡೆಕ್ಸ್ ಕೈಬಿಡುತ್ತೆ.

---

ಬೆಳ್ಳಂದೂರು_ನೊರೆ · 10:50

ಬೆಂಗಳೂರಿನಲ್ಲಿ ಕೆರೆ ಹುಡುಕಿದರೆ 61ರಲ್ಲಿ 9 ಸಿಕ್ಕಿತಾ? ಡೇಟಾಬೇಸ್ ಸರಿಯಾಗೇ ಇದೆ ಗುರು. ಮಿಕ್ಕಿದ್ದು ಲೇಔಟ್ ಆಗಿದೆ.

---

ಎರಡನೇ_ಬ್ಲಾಕ್ · 10:52

😂 ಸರಿ, ತಪ್ಪು ಒಪ್ಪಿಕೊಂಡೆ. ಆದರೆ ಆಪ್ಟಿಮೈಸ್ ಮಾಡಿ, ಮಾಡಿ.

---

ಪೈಥಾನ್_ಪ್ರೀತಿ · 11:05

ಒಂದು ಮೂಲಭೂತ ಪ್ರಶ್ನೆ. 1,840 ಫೈಲಿಗೆ ಡೇಟಾಬೇಸ್ ಯಾಕೆ? ಅದರಲ್ಲೂ ಎಕ್ಸ್‌ಎಂಎಲ್ ಡೇಟಾಬೇಸ್? ಒಂದು ಫೋಲ್ಡರ್, 20 ಸಾಲಿನ ಪೈಥಾನ್, ಪದಗಳನ್ನು ಒಡೆಯೋಕೆ ಒಂದು ರೆಜೆಕ್ಸ್ (ಅಕ್ಷರಗಳ ನಮೂನೆ ಕೊಟ್ಟು ಹುಡುಕುವ ಸೂತ್ರ). ಅರ್ಧ ಗಂಟೆ ಕೆಲಸ. ಎಕ್ಸ್‌ಕ್ವೆರಿ (ಈ ಡೇಟಾಬೇಸಿನ ಪ್ರಶ್ನೆ ಬರೆಯುವ ಭಾಷೆ) ಗೊತ್ತಿರುವವರು ನಾಳೆ ಸಿಗ್ತಾರಾ? ರೆಸ್ಯೂಮೆಯಲ್ಲಿ ಹಾಕಿದರೆ ಎಚ್‌ಆರ್ ಅದೇನು ಎಂದು ಕೇಳುತ್ತಾರೆ.

---

ಅರ್ಕಾವತ್ತು · 11:19

@ಪೈಥಾನ್_ಪ್ರೀತಿ ಸಾರ್, ಆ ರೆಜೆಕ್ಸಲ್ಲಿ ಪದಕ್ಕೆ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಪ್ಲಸ್ (‘ಪದದ ಅಕ್ಷರಗಳು’ ಎಂಬ ಚಿಹ್ನೆ) ಹಾಕುತ್ತೀರಿ ಅಲ್ವಾ? ‘ಕನ್ನಡ’ ಪದದ ಮೇಲೆ ಓಡಿಸಿ ನೋಡಿ. ಪೈಥಾನ್ ಜೊತೆಗೇ ಬರುವ ರೆಜೆಕ್ಸ್ ಮಾಡ್ಯೂಲ್ ಅದನ್ನು ‘ಕನ’, ‘ನಡ’ ಎಂದು ಎರಡು ತುಂಡು ಮಾಡಿ ಕೊಡುತ್ತೆ. ಅರ್ಧಾಕ್ಷರದ ಚಿಹ್ನೆ, ಕಾಗುಣಿತದ ಚಿಹ್ನೆ ಇವೆಲ್ಲ ಅದರ ಲೆಕ್ಕದಲ್ಲಿ ಅಕ್ಷರವೇ ಅಲ್ಲ. ಹೊರಗಿನಿಂದ ಹಾಕಿಕೊಳ್ಳುವ ಇನ್ನೊಂದು ಮಾಡ್ಯೂಲ್ ಇದೆ, ಅದು ಸರಿಯಾಗಿ ಮಾಡುತ್ತೆ.

ಎಕ್ಸ್‌ಕ್ವೆರಿಯ ಅದೇ ಚಿಹ್ನೆ ವಿರಾಮ ಚಿಹ್ನೆ, ಖಾಲಿ ಜಾಗ, ಕಂಟ್ರೋಲ್ ತರಹದ್ದು ಬಿಟ್ಟು ಮಿಕ್ಕಿದ್ದೆಲ್ಲ ಪದದ ಭಾಗ ಎಂದುಕೊಳ್ಳುತ್ತೆ. ಹಾಗಾಗಿ ಕನ್ನಡ ಒಡೆಯಲ್ಲ. ಆದರೆ ಅಲ್ಲೂ ಒಂದು ಗುಂಡಿ ಇದೆ: ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಮಧ್ಯೆ ಕಣ್ಣಿಗೆ ಕಾಣದ ಒಂದು ಕೋಡ್‌ಪಾಯಿಂಟ್ (ಯೂನಿಕೋಡ್ ಒಂದೊಂದು ಅಕ್ಷರಕ್ಕೆ ಕೊಟ್ಟ ಸಂಖ್ಯೆ) ಇರುತ್ತಲ್ಲ, ಜೀರೋ ವಿಡ್ತ್ ನಾನ್ ಜಾಯಿನರ್, ಅಲ್ಲಿಗೆ ಪದ ತುಂಡಾಗುತ್ತೆ.

@ಕೆರೆಏರಿ, ನಿಮ್ಮ ವಿಷಯಕ್ಕೆ ಬಂದರೆ, ನನಗೆ ಅನುಮಾನ ಅಕ್ಷರದ ಮೇಲೆ. ಪಾಠ ಎಲ್ಲಿಂದ ಬಂತು? ಕೆಲವು ನೀವು ಟೈಪ್ ಮಾಡಿದ್ದು, ಕೆಲವು ಪಿಡಿಎಫ್‌ನಿಂದ ಕಾಪಿ ಹೊಡೆದದ್ದು ಇರಬೇಕು. ‘ಕೋಡಿ’ ಪದ ತೆಗೆದುಕೊಂಡು ಸ್ಟ್ರಿಂಗ್-ಟು-ಕೋಡ್‌ಪಾಯಿಂಟ್ಸ್ ಹಾಕಿ. ಎರಡು ತರಹ ಬರಬಹುದು:

3221 3275 3233 3263
3221 3270 3266 3285 3233 3263

ಸ್ಕ್ರೀನ್ ಮೇಲೆ ಎರಡೂ ‘ಕೋಡಿ’ಯೇ. ಕಂಪ್ಯೂಟರಿಗೆ ಬೇರೆ ಬೇರೆ ಪದ. ಓತ್ವದ ಚಿಹ್ನೆ ಮೇಲೆ ಒಂದೇ ಸಂಖ್ಯೆ, ಕೆಳಗೆ ಎತ್ವ, ಕೊಂಬು, ದೀರ್ಘ ಎಂದು ಮೂರು. ನಾರ್ಮಲೈಸ್-ಯೂನಿಕೋಡ್ ಫಂಕ್ಷನ್ ಒಳಗೆ ಹಾಕಿದರೆ ಎರಡೂ ಮೇಲಿನ ರೂಪಕ್ಕೆ ಬರುತ್ತವೆ. ಆದರೆ ಜೀರೋ ವಿಡ್ತ್‌ಗಳನ್ನು ಅದು ತೆಗೆಯಲ್ಲ. ಅವು 8204 (ನಾನ್ ಜಾಯಿನರ್) ಮತ್ತು 8205 (ಜಾಯಿನರ್). ಅವನ್ನು ನೀವೇ ಅಳಿಸಬೇಕು.

---

ಪೈಥಾನ್_ಪ್ರೀತಿ · 11:27

ಓಡಿಸಿದೆ. ‘ಕನ’ ‘ನಡ’. 🤦 8 ವರ್ಷದಿಂದ ಪೈಥಾನ್ ಬರೀತಿದ್ದೇನೆ, ಕನ್ನಡ ಹಾಕಿ ನೋಡಿರಲೇ ಇಲ್ಲ.

ಆದರೂ ನನ್ನ ಪ್ರಶ್ನೆ ಹಾಗೇ ಇದೆ. ಟೇಬಲ್‌ಗಳಲ್ಲಿ ಡೇಟಾ ಇಡುವ ಪೋಸ್ಟ್‌ಗ್ರೆಸ್ ಇದೆಯಲ್ಲ?

---

ಕೆರೆಏರಿ · 11:58

ಒಂದೊಂದಾಗಿ ಹೇಳುತ್ತೇನೆ.

ಆಪ್ಟಿಮೈಸ್ ಮಾಡಿದೆ. ವರದಿ 8 ಸೆಕೆಂಡಿಂದ ಅರ್ಧ ಸೆಕೆಂಡಿಗೂ ಕೆಳಗೆ ಇಳಿಯಿತು. ಇನ್ಫೋ ಕಿಟಕಿಯಲ್ಲಿ ಆ ಸಾಲೂ ಬಂತು. ಎರಡನೇ ತೊಂದರೆ ಮುಗಿಯಿತು. @ಎರಡನೇ_ಬ್ಲಾಕ್, @ಶೂನ್ಯ_ಫಲಿತಾಂಶ ಇಬ್ಬರಿಗೂ ಥ್ಯಾಂಕ್ಸ್. (ಮಧ್ಯೆ ಒಮ್ಮೆ ‘ಡೇಟಾಬೇಸನ್ನು ಬೇರೆ ಪ್ರಾಸೆಸ್ ತೆರೆದಿದೆ’ ಎಂದು ಬೈಯಿತು. ಸರ್ವರ್ ಓಡುತ್ತಿದ್ದಾಗಲೇ ಜಿಯುಐನಲ್ಲೂ ತೆರೆದಿದ್ದೆ.)

ಅರ್ಕಾವತ್ತು ಹೇಳಿದ ‘ಕೋಡಿ’ ಪರೀಕ್ಷೆ ಮಾಡಿದೆ. 70 ಫೈಲಿನಲ್ಲಿ ಆ ಒಡೆದ ರೂಪ ಇದೆ! ಎಲ್ಲ ಪಿಡಿಎಫ್‌ನಿಂದ ತೆಗೆದದ್ದು. ಆದರೆ ‘ಕೆರೆ’ಯಲ್ಲಿ ಓತ್ವ ಇಲ್ಲವಲ್ಲ. ಅಲ್ಲಿ ಇರೋದು ಬರೀ ಎತ್ವ, ಎರಡು ಕಡೆಯೂ 3270. ಇನ್ನೂ 9ರಲ್ಲೇ ನಿಂತಿದೆ.

ಪೋಸ್ಟ್‌ಗ್ರೆಸ್ ಯಾಕಿಲ್ಲ ಎಂದರೆ: ಒಂದು ಪಾಠದೊಳಗೆ ಸಾಲು ಎಲ್ಲಿ ಮುಗಿಯಿತು, ಯಾವ ಅಕ್ಷರ ಅಳಿಸಿದೆ, ಯಾವುದು ನಮ್ಮ ಊಹೆ, ಯಾವುದು ಊರ ಹೆಸರು, ಇವೆಲ್ಲ ಒಂದರೊಳಗೊಂದು ಹೆಣೆದುಕೊಂಡಿವೆ. ಅದನ್ನು ಟೇಬಲ್ ಮಾಡಲು ಹೋಗಿ ಒಂದು ತಿಂಗಳು ಕಳೆದಿದ್ದೇನೆ. ಸಾಕಾಯಿತು.

ನಾಳೆ ಒಂದು ತುಣುಕು ಹಾಕುತ್ತೇನೆ.

---

ಮೆಜೆಸ್ಟಿಕ್_ಲಾಸ್ಟ್‌ಬಸ್ · ಭಾನುವಾರ ಬೆಳಗ್ಗೆ 6:40

‘ಒಂದು ತಾಲ್ಲೂಕು ಮಾತ್ರ’ ಎಂದಿರಿ. ಬೇಡದ ತಾಲ್ಲೂಕುಗಳನ್ನು ಹೇಗೆ ತೆಗೆದಿರಿ? ‘ಸಮ ಅಲ್ಲ’ ಚಿಹ್ನೆಗೆ ಬಲಗಡೆ ಎರಡು ಹೆಸರಿನ ಪಟ್ಟಿ ಕೊಟ್ಟರೆ ಅದು ಯಾವಾಗಲೂ ನಿಜ ಆಗುತ್ತೆ. ಪಟ್ಟಿಯಲ್ಲಿ ಯಾವುದಾದರೂ ಒಂದಕ್ಕೆ ಸಮ ಇಲ್ಲದಿದ್ದರೆ ಸಾಕು ಎಂಬುದು ಅದರ ಅರ್ಥ. ಹೊರಗಡೆ ನಾಟ್ ಹಾಕಿ ಒಳಗೆ ಸಮ ಚಿಹ್ನೆ ಬಳಸಿ.

---

ಕೆರೆಏರಿ · 7:15

ಪುಣ್ಯಕ್ಕೆ ಒಂದೇ ತಾಲ್ಲೂಕಿನ ಹೆಸರು ಕೊಟ್ಟು ಸಮ ಹಾಕಿದ್ದೆ. ಬೇರೆ ಒಂದು ಕಡೆ ನೀವು ಹೇಳಿದ ತಪ್ಪು ಮಾಡಿದ್ದೇನೆ ಅಂತ ಈಗ ಹೊಳೆಯಿತು. 😬

ತುಣುಕು ಇಲ್ಲಿದೆ. ಹುಡುಕಾಟಕ್ಕೆ ಸಿಗದ ಒಂದು:

<ಪಾಠ>… ದೊಡ್ಡ ಕೆ
   <ಸಾಲು ಸಂಖ್ಯೆ="7"/>ಱೆಯ ಕೆಳಗೆ …</ಪಾಠ>

---

ಮೊಳೆಜೋಡಣೆ · 8:30

ತುಣುಕು ಮೊದಲೇ ಹಾಕಿದ್ದರೆ ರಾತ್ರಿಯೇ ಮುಗಿಯುತ್ತಿತ್ತು ಮಾರಾಯರೇ. ಎರಡೇ ಸಾಲು, ಮೂರು ರೋಗ.

ಮೊದಲನೇದು. ‘ಕೆ’ ಒಂದು ಟೆಕ್ಸ್ಟ್ ನೋಡ್, ‘ಱೆಯ’ ಇನ್ನೊಂದು. ಮಧ್ಯೆ ‘ಸಾಲು’ ಟ್ಯಾಗ್ ಕೂತಿದೆ. ನೀವು ಹುಡುಕುತ್ತಿರುವುದು ಒಂದೊಂದು ಟೆಕ್ಸ್ಟ್ ನೋಡ್ ಒಳಗೆ. ಎರಡು ನೋಡ್‌ಗೆ ಹಂಚಿಹೋದ ಪದ ಯಾವ ಜನ್ಮದಲ್ಲೂ ಸಿಗಲ್ಲ. ಕಲ್ಲು ಕಡಿಯುವವನು ಪದ ನೋಡಿ ಸಾಲು ಮುರಿಯಲ್ಲ, ಕಲ್ಲಿನ ಅಂಚು ಬಂದಲ್ಲಿ ಮುರಿಯುತ್ತಾನೆ. ಟೆಕ್ಸ್ಟ್() ತೆಗೆಯಿರಿ, ಹೀಗೆ ಬರೆಯಿರಿ:

//ಪಾಠ[ಕಂಟೇನ್ಸ್(., "ಕೆರೆ")]

ಬರೀ ಚುಕ್ಕಿ ಎಂದರೆ ಆ ಪಾಠದೊಳಗಿನ ಅಕ್ಷರ ಎಲ್ಲ ಸೇರಿಸಿ ಒಂದೇ ದಾರದಲ್ಲಿ ಪೋಣಿಸಿದ ಹಾಗೆ.

ಎರಡನೇದು. ‘ಕೆ’ ಆದ ಮೇಲೆ ಹೊಸ ಸಾಲು, ಮೂರು ಸ್ಪೇಸ್. ಇದು ಕಲ್ಲಿನ ಮೇಲೆ ಇತ್ತಾ? ಇಲ್ಲ. ನಿಮ್ಮ ಎಡಿಟರ್‌ನ ‘ಫಾರ್ಮ್ಯಾಟ್’ ಗುಂಡಿ ಒತ್ತಿದ್ದೀರಿ, ಚೆಂದ ಕಾಣಲಿ ಅಂತ. ಅಕ್ಷರ ಮತ್ತು ಟ್ಯಾಗ್ ಬೆರೆತಿರುವ ಕಡೆ ಆ ಗುಂಡಿ ವಿಷ. ಹಾಗಾಗಿ ಚುಕ್ಕಿ ಹಾಕಿದರೂ ಇಂಥದ್ದು ಸಿಗಲ್ಲ.

ಮೂರನೇದು ನೀವೇ ನೋಡಿಕೊಳ್ಳಿ. ನೀವು ಟೈಪ್ ಮಾಡುತ್ತಿರುವುದು ‘ಕೆರೆ’. ಕಲ್ಲಿನಲ್ಲಿ ಇರುವುದು ಹಳಗನ್ನಡದ ಱಕಾರದ ‘ಕೆಱೆ’.

ನಾನು 1990ರ ದಶಕದಿಂದ ಇಲ್ಲೇ ಜರ್ನಲ್ ಪುಟ ಕಟ್ಟುವ ಕಂಪನಿಯಲ್ಲಿದ್ದೆ. ಎಕ್ಸ್‌ಎಂಎಲ್‌ಗೂ ಹಿಂದಿನ ಎಸ್‌ಜಿಎಂಎಲ್ ಕಾಲದಿಂದ. ಈಗ ನಿವೃತ್ತಿ. ಒಮ್ಮೆ ಏನಾಯಿತು ಎಂದರೆ ನಮ್ಮ ಪೂರ್ತಿ ಲೈನ್ ನಿಂತುಹೋಯಿತು, ಯಾಕೆಂದು ಯಾರಿಗೂ ಗೊತ್ತಿಲ್ಲ. ಕೊನೆಗೆ ನೋಡಿದರೆ ಪ್ರತಿ ಫೈಲ್ ಓದುವಾಗಲೂ ಪಾರ್ಸರ್ (ಫೈಲ್ ಓದಿ ಬಿಡಿಸುವ ಪ್ರೋಗ್ರಾಂ) ಹೊರಗಿನ ಸೈಟಿಗೆ ಹೋಗಿ ಡಿಟಿಡಿ (ಯಾವ ಟ್ಯಾಗ್ ಎಲ್ಲಿ ಬರಬಹುದು ಎಂಬ ನಿಯಮದ ಫೈಲ್) ತರುತ್ತಿತ್ತು. ಅವತ್ತು ಆ ಕಡೆಯಿಂದ ಉತ್ತರವೇ ಬರುತ್ತಿರಲಿಲ್ಲ. ನಾವೊಬ್ಬರೇ ಅಲ್ಲ, 2008ರಲ್ಲಿ ವೆಬ್ ನಿಯಮ ಮಾಡುವ ಡಬ್ಲ್ಯೂ3ಸಿಯವರೇ ಬರೆದುಕೊಂಡಿದ್ದರು, ದಿನಕ್ಕೆ 13 ಕೋಟಿವರೆಗೂ ಹೀಗೆ ಸುಮ್ನೆ ಡಿಟಿಡಿ ಕೇಳಿಕೊಂಡು ಬರುತ್ತಾರೆ ಅಂತ. ಕ್ಯಾಟಲಾಗ್ ಫೈಲ್ ಒಂದು ಇಟ್ಟು, ಡಿಟಿಡಿ ಆಫೀಸಿನ ಡಿಸ್ಕಿನಿಂದಲೇ ಸಿಗುವ ಹಾಗೆ ಮಾಡಿದ ಮೇಲೆ ಸರಿಹೋಯಿತು. ಆವತ್ತಿಂದ ನನ್ನದು ಒಂದೇ ಚಟ: ಕ್ವೆರಿ ನೋಡುವ ಮೊದಲು ಫೈಲ್ ತೆರೆದು ಬರಿಗಣ್ಣಲ್ಲಿ ನೋಡುವುದು.

---

ಶೂನ್ಯ_ಫಲಿತಾಂಶ · 8:41

ಮೇಡಂ 🙏 ನಾನು ಇಂಡೆಕ್ಸ್ ಬಗ್ಗೆ ಭಾಷಣ ಮಾಡಿದೆ, ಫೈಲ್ ಕೇಳಲಿಲ್ಲ.

---

ಕೆರೆಏರಿ · 1:10

ಬೇಗೂರಿಗೆ ಹೋಗಿದ್ದೆವು, ಈಗ ಬಂದೆ. (ಗೊತ್ತಿಲ್ಲದವರಿಗೆ: ಅಲ್ಲಿನ ನಾಗೇಶ್ವರ ದೇವಸ್ಥಾನದ ವೀರಗಲ್ಲಿನಲ್ಲಿ ‘ಬೆಂಗಳೂರು ಕಾಳಗ’ದ ಮಾತು ಬರುತ್ತೆ. ಕ್ರಿ.ಶ. 890ರ ಆಸುಪಾಸು. ಕೆಂಪೇಗೌಡರಿಗಿಂತ 600 ವರ್ಷ ಹಿಂದೆ ಊರ ಹೆಸರು ಇತ್ತು.)

ಚುಕ್ಕಿ ಹಾಕಿದೆ. 17 ಆಯಿತು. ಗೆಳೆಯನಿಗೆ ಅದೇ ಫೈಲ್, ಅದೇ ಕ್ವೆರಿ ಕಳಿಸಿದೆ. ಅವನ ಲ್ಯಾಪ್‌ಟಾಪ್‌ನಲ್ಲಿ 24!! ಈಗ ಇದಕ್ಕೇನು ಹೇಳುತ್ತೀರಿ?

---

ಶೂನ್ಯ_ಫಲಿತಾಂಶ · 1:22

ಇದು ನನಗೆ ಗೊತ್ತು! ಅವನದು ಬೇಸ್‌ಎಕ್ಸ್ 9, ನಿಮ್ಮದು 10 ಅಥವಾ ಮೇಲೆ. ಹೌದಾ?

9ರವರೆಗೆ ‘ಚಾಪ್’ ಎಂಬ ಆಯ್ಕೆ ತಾನಾಗೇ ಆನ್ ಇರುತ್ತಿತ್ತು. ಫೈಲ್ ಒಳಗೆ ಹಾಕುವಾಗ ಪ್ರತಿ ಟೆಕ್ಸ್ಟ್ ನೋಡ್‌ನ ಆಚೀಚೆ ಇರುವ ಸ್ಪೇಸ್ ಕತ್ತರಿಸಿಬಿಡುತ್ತಿತ್ತು. ಹಾಗಾಗಿ ಅವನ ಕಡೆ ‘ಕೆ’ ಮತ್ತು ‘ರೆ’ ಅಂಟಿಕೊಂಡಿವೆ. 10ರಿಂದ ಅದರ ಹೆಸರು ಬದಲಾಯಿತು, ‘ಸ್ಟ್ರಿಪ್ ಡಬ್ಲ್ಯೂಎಸ್’ ಅಂತ, ಮತ್ತು ತಾನಾಗೇ ಆಫ್. ನಿಮ್ಮಲ್ಲಿ ಸ್ಪೇಸ್ ಉಳಿದಿದೆ.

---

ಎರಡನೇ_ಬ್ಲಾಕ್ · 1:30

ಹಾಗಾದರೆ ಆ ಆಯ್ಕೆ ಆನ್ ಮಾಡಿಕೊಂಡರೆ ಮುಗೀತಲ್ಲ?

---

ಮೊಳೆಜೋಡಣೆ · 1:38

ಬೇಡ. ಆನ್ ಮಾಡಿದರೆ ಪದ ಮುಗಿದು ಸಾಲು ಮುರಿದ ಕಡೆಯೂ ಅಂಟುತ್ತೆ. ‘ಕೆಳಗೆ ಗದ್ದೆ’ ಹೋಗಿ ‘ಕೆಳಗೆಗದ್ದೆ’ ಆಗುತ್ತೆ. ಗೆಳೆಯನ 24ರಲ್ಲಿ ಹಾಗೆ ಸುಳ್ಳು ಅಂಟಿದ್ದೂ ಇರಬಹುದು.

ಪದದ ಮಧ್ಯೆ ಮುರಿದಿದೆ ಎಂಬುದನ್ನು ಟ್ಯಾಗ್‌ನಲ್ಲೇ ಹೇಳಬೇಕು. ಟಿಇಐಯಲ್ಲಿ (ಇಂಥ ಪಠ್ಯಗಳಿಗೆ ಎಲ್ಲರೂ ಒಪ್ಪಿದ ಟ್ಯಾಗ್‌ಗಳ ಪದ್ಧತಿ) ಸಾಲಿನ ಟ್ಯಾಗಿಗೆ ‘ಬ್ರೇಕ್’ ಎಂಬ ಗುಣ ಇದೆ, ಬೆಲೆ ‘ನೋ’ ಎಂದರೆ ಪದ ಮುಂದುವರಿದಿದೆ ಎಂದರ್ಥ. ನೀವೂ ಹಾಗೇ ಒಂದು ಇಟ್ಟುಕೊಳ್ಳಿ.

---

ಎರಡನೇ_ಬ್ಲಾಕ್ · 1:47

ಅದೇ ನನ್ನ ಪ್ರಶ್ನೆ. ಶಾಸನಕ್ಕೆ ಅಂತಲೇ ಟಿಇಐ ಮೇಲೆ ಕಟ್ಟಿದ ಎಪಿಡಾಕ್ ಇದೆ. ಜಗತ್ತೇ ಬಳಸುತ್ತೆ. ಇವರು ಕನ್ನಡ ಟ್ಯಾಗ್ ಮಾಡಿಕೊಂಡು ಕೂತಿದ್ದಾರೆ. ಅಭಿಮಾನ ಒಳ್ಳೇದೇ. ಆದರೆ ನಾಳೆ ಬೇರೆಯವರ ಜೊತೆ ಡೇಟಾ ಹಂಚಿಕೊಳ್ಳೋದು ಹೇಗೆ?

---

ಕೆರೆಏರಿ · 1:55

ಅಭಿಮಾನ ಅಲ್ಲ ಸಾರ್. ನಮ್ಮ ಜೊತೆ ಪಾಠ ತಿದ್ದಿಕೊಡುವವರು ಒಬ್ಬರು ಕನ್ನಡ ಮೇಷ್ಟ್ರು. ‘ಎಲ್‌ಬಿ’, ‘ಸಪ್ಲೈಡ್’, ‘ಗ್ಯಾಪ್’ ಎಂದು ಕೊಟ್ಟಾಗ ಅವರು ಫೈಲ್ ಮುಟ್ಟಲೇ ಇಲ್ಲ. ‘ಸಾಲು’, ‘ಊಹೆ’, ‘ಅಳಿಸಿದೆ’ ಎಂದು ಕೊಟ್ಟ ದಿನವೇ 12 ಫೈಲ್ ತಿದ್ದಿದರು.

---

ಅರ್ಕಾವತ್ತು · 2:10

ಕನ್ನಡ ಟ್ಯಾಗ್ ಪೂರ್ತಿ ಕಾನೂನುಬದ್ಧ. 1998ರ ಮೊದಲ ಎಕ್ಸ್‌ಎಂಎಲ್ ನಿಯಮದಲ್ಲೇ ಕನ್ನಡ ಅಕ್ಷರಕ್ಕೆ ಜಾಗ ಇತ್ತು. ಆದರೆ ಎರಡು ಮಾತು ಎಚ್ಚರ.

ಟ್ಯಾಗ್ ಹೆಸರನ್ನು ಎಕ್ಸ್‌ಎಂಎಲ್ ನಾರ್ಮಲೈಸ್ ಮಾಡಲ್ಲ. ಯಾರಾದರೂ ಒಡೆದ ಓತ್ವದಲ್ಲಿ <ಕೋಡಿ> ಟೈಪ್ ಮಾಡಿದರೆ ಅದು ಬೇರೆಯೇ ಟ್ಯಾಗ್. ಮೇಷ್ಟ್ರ ಕೀಬೋರ್ಡ್ ಯಾವುದು ನೋಡಿ.

ಇನ್ನೊಂದು, ಟ್ಯಾಗ್ ಹೆಸರಿನಲ್ಲಿ ಆ ಕಾಣದ 8204 ಬರದ ಹಾಗೆ ನೋಡಿಕೊಳ್ಳಿ. 2008ರ 5ನೇ ಆವೃತ್ತಿಯಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟರು, ಅದಕ್ಕೂ ಹಿಂದೆ ಇರಲಿಲ್ಲ. ಹಳೇ ನಿಯಮ ಪಾಲಿಸುವ ಪಾರ್ಸರ್ ಅಲ್ಲೇ ಉಗಿಯುತ್ತೆ, ಮತ್ತು ತಪ್ಪು ಎಲ್ಲಿದೆ ಎಂದು ಕಣ್ಣಿಗೆ ಕಾಣಲ್ಲ.

ಹೊರಗೆ ಕೊಡುವಾಗ ಟಿಇಐಗೆ ಬದಲಿಸುವ ಒಂದು ಸಣ್ಣ ಎಕ್ಸ್‌ಕ್ವೆರಿ ಬರೆದರೆ ಆಯಿತು. ಬದಲಿಸಿದ ಮೇಲೆ ನೇಮ್‌ಸ್ಪೇಸ್ (ಟ್ಯಾಗ್ ಯಾವ ಪದ್ಧತಿಯದು ಎಂಬ ಗುರುತು) ಬರುತ್ತೆ, ಆಗ //ಪಾಠ ತರಹದ ಹಳೇ ಕ್ವೆರಿ ಎಲ್ಲ ಖಾಲಿ ಕೊಡುತ್ತೆ. ಹೆಸರಿನ ಹಿಂದೆ *: ಹಾಕಿದರೆ ಯಾವ ನೇಮ್‌ಸ್ಪೇಸ್ ಇದ್ದರೂ ಸಿಗುತ್ತೆ. ಸದ್ಯಕ್ಕೆ ಪರವಾಗಿಲ್ಲ, ಆಮೇಲೆ ಸರಿಯಾಗಿ ಘೋಷಿಸಿ.

---

ಲೆಕ್ಕದ_ಪುಸ್ತಕ · 3:02

ವಿಷಯ ಸ್ವಲ್ಪ ಬೇರೆ, ಆದರೆ ಕಾಣದ ಅಕ್ಷರ ಎಂದಿರಿ, ನನ್ನ ಗಾಯ ನೆನಪಾಯಿತು. ನಾನು ಅಕೌಂಟ್ಸ್ ಮಾಡುವವನು, ಚಿಕ್ಕಪೇಟೆಯ ಎರಡು ಅಂಗಡಿಗಳ ಲೆಕ್ಕ ನೋಡುತ್ತೇನೆ. ಬಿಲ್ಲಿಂಗ್ ಸಾಫ್ಟ್‌ವೇರಿನಿಂದ (ಹೆಸರು ಬೇಡ) ಎಕ್ಸ್‌ಎಂಎಲ್ ಹೊರಗೆ ತೆಗೆದೆ. ಯಾವ ಪಾರ್ಸರೂ ಒಪ್ಪಲಿಲ್ಲ. ನೋಡಿದರೆ ಒಳಗೆ &#4; ಎಂದು ಇದೆ. ಏನಿದು? ನನಗೆ ಬೇಕಾದದ್ದು ಜಿಎಸ್‌ಟಿ ಮೊತ್ತ ಮಾತ್ರ.

---

ಶೂನ್ಯ_ಫಲಿತಾಂಶ · 3:15

ಅದು ಕಂಟ್ರೋಲ್ ಅಕ್ಷರ. ಎಕ್ಸ್‌ಎಂಎಲ್ 1.0ರಲ್ಲಿ 32ರ ಕೆಳಗೆ ಟ್ಯಾಬ್ ಮತ್ತು ಎರಡು ಸಾಲಿನ ಅಕ್ಷರ (9, 10, 13) ಬಿಟ್ಟು ಬೇರೆ ಯಾವುದೂ ಬರುವ ಹಾಗಿಲ್ಲ, ಹೀಗೆ ಸಂಖ್ಯೆಯಲ್ಲಿ ಬರೆದರೂ ತಪ್ಪೇ. ಡೇಟಾಬೇಸಿಗೆ ಹಾಕುವ ಮುಂಚೆ ನೋಟ್‌ಪ್ಯಾಡಿನಲ್ಲೋ ಸೆಡ್‌ನಲ್ಲೋ ಅದನ್ನು ಅಳಿಸಿಬಿಡಿ. ಎಕ್ಸ್‌ಕ್ವೆರಿಯಿಂದ ಅಳಿಸೋಕೆ ಆಗಲ್ಲ, ಯಾಕೆಂದರೆ ಅದು ಒಳಗೆ ಬರುವುದೇ ಇಲ್ಲ. ಬಾಗಿಲಲ್ಲೇ ತಡೆ. ಫೈಲಿನ ಮೂಲ ಪ್ರತಿ ಒಂದು ಎತ್ತಿಟ್ಟುಕೊಳ್ಳಿ.

---

ಲೆಕ್ಕದ_ಪುಸ್ತಕ · 3:40

ಹೋಯಿತು! 214 ಕಡೆ ಇತ್ತು. ನಿಮಗೆ ಒಂದು ಕಾಫಿ ಬಾಕಿ.

---

ಬೆಳ್ಳಂದೂರು_ನೊರೆ · 3:42

ಬಿಲ್ ಹಾಕಿ ಕೊಡಿಸಿ. &#4; ಇಲ್ಲದ್ದು.

---

ಕೆರೆಏರಿ · ಬುಧವಾರ ರಾತ್ರಿ 11:30

ಮೂರು ರಾತ್ರಿ ಆಯಿತು. ಏನು ಮಾಡಿದೆ ಹೇಳುತ್ತೇನೆ, ತಪ್ಪಿದ್ದರೆ ಬೈಯಿರಿ.

ಮೂಲ ಫೈಲಿನಲ್ಲಿ, ಪದದ ಮಧ್ಯೆ ಮುರಿದ ಸಾಲುಗಳಿಗೆ ‘ಮುಂದುವರಿದಿದೆ’ ಎಂಬ ಗುಣ ಸೇರಿಸಿದ್ದು ಬಿಟ್ಟರೆ, ಬೇರೇನೂ ಮುಟ್ಟಲಿಲ್ಲ. ಹುಡುಕುವುದಕ್ಕೆ ಅಂತಲೇ ಎರಡನೇ ಡೇಟಾಬೇಸ್ ಕಟ್ಟಿದೆ. ಒಂದು ಎಕ್ಸ್‌ಕ್ವೆರಿ ಪ್ರತಿ ಪಾಠವನ್ನೂ ತೆಗೆದುಕೊಂಡು ಹೀಗೆ ಮಾಡುತ್ತೆ: ಸಾಲಿನ ಟ್ಯಾಗಿಗೆ ‘ಮುಂದುವರಿದಿದೆ’ ಎಂಬ ಗುಣ ಇದ್ದರೆ ಆಚೀಚೆಯ ಸ್ಪೇಸ್ ತೆಗೆದು ಅಂಟಿಸುತ್ತೆ, ಇಲ್ಲದಿದ್ದರೆ ಒಂದೇ ಒಂದು ಸ್ಪೇಸ್ ಇಡುತ್ತೆ. ಆಮೇಲೆ ನಾರ್ಮಲೈಸ್-ಯೂನಿಕೋಡ್. ಆಮೇಲೆ 8204, 8205 ಅಳಿಸುವುದು. ಕೊನೆಗೆ ಟ್ರಾನ್ಸ್‌ಲೇಟ್ ಫಂಕ್ಷನ್‌ನಲ್ಲಿ ಱ ಇದ್ದದ್ದು ರ, ೞ ಇದ್ದದ್ದು ಳ, ಕನ್ನಡ ಅಂಕಿ ಇದ್ದದ್ದು 0ಯಿಂದ 9. ಪದ ಒಂದೊಂದನ್ನೂ ಬೇರೆ ಬೇರೆ ಟ್ಯಾಗ್ ಒಳಗೆ ಇಟ್ಟು, ಯಾವ ಶಾಸನದ ಎಷ್ಟನೇ ಸಾಲು ಎಂಬ ಗುರುತು ಕೊಟ್ಟೆ. ಈಗ ಪೂರ್ತಿ ಪದ ಹುಡುಕಿದರೆ ಟೆಕ್ಸ್ಟ್ ಇಂಡೆಕ್ಸ್ ಬಳಕೆಯಾಗುತ್ತೆ. ಮೇಲೆ ಒಂದು ಸಣ್ಣ ರೆಸ್ಟ್‌ಎಕ್ಸ್‌ಕ್ಯೂ ಪುಟ (ಎಕ್ಸ್‌ಕ್ವೆರಿಯಲ್ಲೇ ಬರೆದ ವೆಬ್ ಪುಟ). ಮೇಷ್ಟ್ರು ಬ್ರೌಸರ್‌ನಲ್ಲೇ ಹುಡುಕಬಹುದು, ಒತ್ತಿದರೆ ಮೂಲ ಪಾಠ ತೆರೆಯುತ್ತೆ, ಱಕಾರ ಸಮೇತ.

ಅಂಕಿಯಲ್ಲಿ ಒಂದು ತಮಾಷೆ ಆಯಿತು. ಶಕವರ್ಷ ಕೆಲವು ಕಡೆ ‘೮೯೨’ ಎಂದಿದೆ. ಅಂಕಿಯೇ ಹೌದಾ ಎಂದು ಬ್ಯಾಕ್‌ಸ್ಲ್ಯಾಶ್ ಡಿ ಹಾಕಿ ಪರೀಕ್ಷಿಸಿದರೆ ಹೌದು ಎನ್ನುತ್ತೆ. ಅದನ್ನೇ ಇಂಟಿಜರ್ ಮಾಡು ಎಂದರೆ ದೋಷ ಎನ್ನುತ್ತೆ!

---

ಅರ್ಕಾವತ್ತು · 11:41

ಹೌದು, ಆ ರೆಜೆಕ್ಸಿಗೆ ಎಲ್ಲ ಭಾಷೆಯ ಅಂಕಿಯೂ ಅಂಕಿ. ಇಂಟಿಜರಿಗೆ ಮಾತ್ರ 0–9ರ ಇವೇ ಬೇಕು.

ೞ ಬಗ್ಗೆ ಒಂದು ಮಾತು. ಎಲ್ಲ ಕಡೆ ಳ ಮಾಡಬೇಡಿ. ‘ಏೞು’ ಈಗ ‘ಏಳು’, ಸರಿ. ಆದರೆ ‘ಗೞ್ದೆ’ ಆಗಿದ್ದು ‘ಗರ್ದೆ’, ಆಮೇಲೆ ‘ಗದ್ದೆ’. ನೀವು ‘ಗಳ್ದೆ’ ಮಾಡಿದರೆ ಗದ್ದೆ ಹುಡುಕುವವರಿಗೆ ಏನೂ ಸಿಗಲ್ಲ. ಇಂಥ ಪದಗಳಿಗೆ ಒಂದು ಪಟ್ಟಿ ಬೇಕು, ಟ್ರಾನ್ಸ್‌ಲೇಟ್ ಸಾಲದು.

---

ಶೂನ್ಯ_ಫಲಿತಾಂಶ · 11:48

ಚೆನ್ನಾಗಿದೆ. ಪದ ಬೇರೆ ಬೇರೆ ಇಟ್ಟಿದ್ದು ಒಳ್ಳೇದಾಯಿತು. ಪೂರ್ತಿ ಪಾಠ ಒಂದೇ ನೋಡ್ ಆಗಿದ್ದರೆ ಇಂಡೆಕ್ಸಿಗೇ ಹೋಗುತ್ತಿರಲಿಲ್ಲ, 96 ಅಕ್ಷರಕ್ಕಿಂತ ಉದ್ದದ್ದನ್ನು ಅದು ತಾನಾಗಿ ಬಿಟ್ಟುಬಿಡುತ್ತೆ. ಎರಡನೇ ಡೇಟಾಬೇಸನ್ನು ಪ್ರತಿಸಲ ಪೂರ್ತಿ ಹೊಸದಾಗಿ ಕಟ್ಟಿ. ಇಷ್ಟು ಚಿಕ್ಕದಕ್ಕೆ ಅಪ್‌ಡೇಟ್ ಇಂಡೆಕ್ಸ್ (ಪ್ರತಿ ಬದಲಾವಣೆಗೂ ಇಂಡೆಕ್ಸ್ ತಿದ್ದುವ ಆಯ್ಕೆ) ತಲೆನೋವು ಬೇಡ.

ಸರಿ, ಲೆಕ್ಕ ಹೇಳಿ. ಎಷ್ಟು ಬಂತು?

---

ಕೆರೆಏರಿ · 11:55

ಒಳಗೆ ಎಲ್ಲಾದರೂ ‘ಕೆರೆ’ ಇರುವ ಪದ ಎಂದು ಕೇಳಿದರೆ 66. ನಾನು ಎಣಿಸಿದ 61 ಎಲ್ಲ ಇವೆ. ಜಾಸ್ತಿ ಬಂದ 5ರಲ್ಲಿ 2 ನಿಜವಾಗಿ ನಾನು ಕಣ್ಣಲ್ಲಿ ತಪ್ಪಿಸಿಕೊಂಡದ್ದು. ಎರಡೂ ಸಾಲಿನ ತುದಿಯಲ್ಲಿ ಮುರಿದ ಪದ!

ಮಿಕ್ಕ 3 ಕಷ್ಟ. ಅವುಗಳಲ್ಲಿ ‘ಱೆ’ ಕಲ್ಲಿನ ಮೇಲೆ ಇಲ್ಲ, ‘ಊಹೆ’ ಟ್ಯಾಗ್ ಒಳಗೆ ಇದೆ. ನಮ್ಮಲ್ಲೇ ಯಾರೋ ಊಹಿಸಿ ತುಂಬಿದ್ದು. ಇದನ್ನು ಕೆರೆ ಎಂದು ಎಣಿಸಬೇಕಾ?

---

ಪೈಥಾನ್_ಪ್ರೀತಿ · ಗುರುವಾರ ಬೆಳಗ್ಗೆ 7:05

ಅಂದರೆ ಟ್ಯಾಗ್ ಇದ್ದದ್ದಕ್ಕೆ ಇದು ಊಹೆ ಎಂದು ಗೊತ್ತಾಯಿತು. ನನ್ನ 20 ಸಾಲಿನ ಕೋಡು ಮೊದಲ ಸಾಲಲ್ಲೇ ಟ್ಯಾಗ್ ಎಲ್ಲ ಕಿತ್ತು ಬಿಸಾಕುತ್ತಿತ್ತು. ಸರಿ, ಇದೊಂದು ನಿಮಗೆ.

---

ಬೆಳ್ಳಂದೂರು_ನೊರೆ · 7:20

66ರಲ್ಲಿ ಅರಕೆರೆ ಸೇರಿದೆಯಾ? ಅಲ್ಲಿ ಕೆರೆಗಿಂತ ಸಿಗ್ನಲ್ ಜಾಸ್ತಿ.

---

ಕೆರೆಏರಿ · 7:24

ಹೆಸರಿನಲ್ಲಿ ಕೆರೆ ಇರುವ ಊರುಗಳು ‘ಸ್ಥಳ’ ಟ್ಯಾಗಿನಲ್ಲಿವೆ. ಅವನ್ನು ಎಣಿಸಿಲ್ಲ, ಕಣ್ಣಲ್ಲೂ ಎಣಿಸಿರಲಿಲ್ಲ.

---

ಮೊಳೆಜೋಡಣೆ · 8:15

ಊಹೆಯನ್ನು ಬೇರೆ ಬಣ್ಣದಲ್ಲಿ ತೋರಿಸಿ, ಎಣಿಕೆಯಲ್ಲಿ ಸೇರಿಸಬೇಡಿ. ಆ 3 ಕಲ್ಲಿನ ಫೋಟೋ ನನಗೆ ಕಳಿಸಿ, ನಾನೂ ಒಮ್ಮೆ ನೋಡುತ್ತೇನೆ. ಪಡಿಯಚ್ಚು (ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಅಚ್ಚು) ಇದ್ದರೆ ಇನ್ನೂ ಒಳ್ಳೇದು. ವಾಟ್ಸಾಪ್‌ನಲ್ಲಿ ಫೋಟೋ ಥರ ಬೇಡ, ಕುಗ್ಗಿಸಿಬಿಡುತ್ತೆ. ಡಾಕ್ಯುಮೆಂಟ್ ಮಾಡಿ ಕಳಿಸಿ.

---

ಕೆರೆಏರಿ · 8:22

ಪಡಿಯಚ್ಚು ಇಲ್ಲ ಮೇಡಂ. ಫೋಟೋ ಮಟಮಟ ಮಧ್ಯಾಹ್ನ ತೆಗೆದದ್ದು, ಅಕ್ಷರ ಎಲ್ಲ ಸಪಾಟಾಗಿ ಕಾಣುತ್ತೆ. ಭಾನುವಾರ ಮತ್ತೆ ಹೋಗುತ್ತೇವೆ. ಬೆಳಗ್ಗೆ 7ಕ್ಕೆ ಅಲ್ಲಿದ್ದರೆ ಓರೆ ಬೆಳಕು ಬೀಳುತ್ತೆ, ಕೊರೆದ ಗೆರೆ ಎದ್ದು ಕಾಣುತ್ತೆ.

---

ಪೈಥಾನ್_ಪ್ರೀತಿ · 8:25

ಎಷ್ಟು ಗಂಟೆಗೆ ಹೊರಡ್ತೀರಿ? ಬೈಕಲ್ಲಿ ಒಂದು ಸೀಟ್ ಖಾಲಿ ಇದೆಯಾ?